ಆಲಿಕಲ್ಲನ್ನೂ ಅಳೆದು ಬರೆದಿಡಿ: ಕಂದಾಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ, ಹಾಗೂ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ನಿರ್ದೇಶಕರಿಗೆ,

ನಮಸ್ಕಾರ.

2024ರ ಜೂನ್ 2ರಂದು ಬೆಂಗಳೂರಿನಲ್ಲಿ 111.1 ಮಿಲಿಮೀಟರ್ ಮಳೆ ಬಿತ್ತು. ಜೂನ್ ತಿಂಗಳ ಒಂದೇ ದಿನದ ಮಳೆಯಲ್ಲಿ ಇದೇ ಅತಿ ಹೆಚ್ಚು, ಹಿಂದಿನ ದಾಖಲೆ 1891ರ ಜೂನ್ 16ರ 101.6 ಮಿಲಿಮೀಟರ್ ಎಂದು ಕೂಡಲೇ ಸುದ್ದಿ ಬಂತು. ನೋಡಿ, 133 ವರ್ಷ ಹಿಂದಿನ ಒಂದು ದಿನದ ಮಳೆ ಇವತ್ತಿಗೂ ದಶಾಂಶದ ಸಮೇತ ನಮ್ಮ ಕೈಗೆ ಸಿಗುತ್ತದೆ. ಅವತ್ತು ಯಾರೋ ಒಬ್ಬರು ಮಾಪಕ ನೋಡಿ ಪುಸ್ತಕದಲ್ಲಿ ಬರೆದಿದ್ದರು, ಅಷ್ಟೇ.

ಈಗ ನನ್ನದೊಂದು ಪ್ರಶ್ನೆ. ವಿಜಯಪುರ ಜಿಲ್ಲೆಯಲ್ಲಿ ಕಳೆದ ಇಪ್ಪತ್ತು ವರ್ಷಗಳಲ್ಲಿ ಬಿದ್ದ ಅತಿ ದೊಡ್ಡ ಆಲಿಕಲ್ಲು ಎಷ್ಟು ದಪ್ಪ ಇತ್ತು? ಯಾವ ಊರಲ್ಲಿ ಬಿತ್ತು? ಎಷ್ಟು ಹೊತ್ತಿಗೆ ಶುರುವಾಗಿ ಎಷ್ಟು ನಿಮಿಷ ಹೊಡೆಯಿತು? ರೈತನೊಬ್ಬ ಹೋಗಿ ಕೇಳಿದರೆ ತೆಗೆದು ತೋರಿಸುವಂಥ ದಾಖಲೆ ಯಾವ ಕಚೇರಿಯಲ್ಲೂ ನಾನು ಕಂಡಿಲ್ಲ. ನಾನು ದ್ರಾಕ್ಷಿ ಬೆಳೆಗಾರ. ಫೆಬ್ರುವರಿಯಿಂದ ಮೇ ತನಕ ಪಶ್ಚಿಮದ ಕಡೆ ಮೋಡ ಕಪ್ಪಾದರೆ ನಮ್ಮ ಭಾಗದಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಹಾಗಾಗಿ ಈ ಪತ್ರ.

ಮೊದಲು ನಿಮ್ಮಲ್ಲಿ ಇರುವ ಒಳ್ಳೆಯದನ್ನು ಹೇಳಿಬಿಡುತ್ತೇನೆ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ಕೇಂದ್ರ ಇವತ್ತು ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಮಳೆಮಾಪಕ ಇಟ್ಟಿದೆ. ಹೋಬಳಿ ಮಟ್ಟದಲ್ಲಿ ಗಾಳಿ, ಉಷ್ಣಾಂಶ, ತೇವಾಂಶ ಅಳೆಯುವ ಕೇಂದ್ರಗಳಿವೆ. 15 ನಿಮಿಷಕ್ಕೊಮ್ಮೆ ಅಂಕಿ ಬೆಂಗಳೂರಿಗೆ ತಲುಪುತ್ತದೆ. ಇಷ್ಟು ದಟ್ಟವಾದ ಜಾಲ ದೇಶದಲ್ಲಿ ಬಹಳ ಕಡೆ ಇಲ್ಲ. ಇದು ನಮ್ಮ ರಾಜ್ಯದ ಹೆಮ್ಮೆ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಆ ಮಾಪಕಕ್ಕೆ ಆಲಿಕಲ್ಲು ಕಾಣುವುದಿಲ್ಲ. ಅದರ ತಪ್ಪೇನೂ ಇಲ್ಲ, ಅದನ್ನು ಮಾಡಿರುವುದೇ ನೀರಿಗೆ. ಮೇಲೆ ಒಂದು ಆಲಿಕೆ ಇರುತ್ತದೆ. ಕೆಳಗೆ ಏತದ ಹಾಗೆ ಅತ್ತಿತ್ತ ವಾಲುವ ಎರಡು ಪುಟ್ಟ ಬಟ್ಟಲು. ಒಂದು ತುಂಬಿದರೆ ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಎಷ್ಟು ಸಲ ವಾಲಿತು ಅನ್ನುವುದೇ ಮಳೆಯ ಲೆಕ್ಕ. ಆಲಿಕಲ್ಲು ಬಿದ್ದಾಗ ಏನಾಗುತ್ತದೆ? ಕೆಲವು ಆಲಿಕೆಯ ಅಂಚಿಗೆ ಬಡಿದು ಆಚೆ ಚಿಮ್ಮುತ್ತವೆ. ಕೆಲವು ಒಳಗೆ ಬಿದ್ದು ತೂತಿಗೆ ಅಡ್ಡ ಕೂರುತ್ತವೆ. ಮೋಡ ಚದುರಿ ಬಿಸಿಲು ಬಿದ್ದ ಮೇಲೆ ಅವು ನಿಧಾನವಾಗಿ ಕರಗುತ್ತವೆ, ಆಗ ಬಟ್ಟಲು ವಾಲುತ್ತದೆ. ಹೊಡೆತ ಬಿದ್ದದ್ದು ಸಂಜೆ ನಾಲ್ಕಕ್ಕೆ, ಲೆಕ್ಕ ಬರುವುದು ನಾಲ್ಕೂವರೆಗೆ, ಅದೂ ನೀರಿನ ರೂಪದಲ್ಲಿ.

ಒಟ್ಟು ಐದಾರು ಮಿಲಿಮೀಟರ್ ಆಯಿತು ಅಂದುಕೊಳ್ಳಿ. ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ 24 ಗಂಟೆಗೆ 2.5ರಿಂದ 15.5 ಮಿಲಿಮೀಟರ್ ಅಂದರೆ ಹಗುರ ಮಳೆ. ವರ್ಷವಿಡೀ ಸಾಕಿದ ದ್ರಾಕ್ಷಿ ಪಡ (ತೋಟ) ಹತ್ತು ನಿಮಿಷದಲ್ಲಿ ಹಾಳಾಗಿರುತ್ತದೆ. ಪಂಚಾಯಿತಿಯ ಅಂಕಿ ನೋಡಿದವರು ಹಗುರ ಮಳೆ ಅನ್ನುತ್ತಾರೆ.

ನಮ್ಮ ಪಕ್ಕದ ತೋಟದಲ್ಲಿ ಇದೇ ಆಯಿತು. ಕಟಾವಿಗೆ ಇನ್ನೇನು ಒಂದು ವಾರ ಇತ್ತು. ಆಲಿಕಲ್ಲು ಗೊನೆಯ ಹೆಗಲಿಗೆ ಬಡಿದಿತ್ತು. ಮೇಲಿನ ಕಾಯಿ ಒಡೆದು ರಸ ಸೋರಿ ಕೆಳಗಿನ ಕಾಯಿಗಳ ಮೇಲೆ ಇಳಿದಿತ್ತು. ಎರಡನೇ ದಿನಕ್ಕೆ ನೊಣ, ಮೂರನೇ ದಿನಕ್ಕೆ ಕೊಳೆ. ಗಾಳಿ ಬಂದ ಕಡೆಯ ಕಡ್ಡಿಗಳ ಸಿಪ್ಪೆ ಒಂದೇ ಮಗ್ಗುಲಿಗೆ ಸುಲಿದಿತ್ತು, ಇನ್ನೊಂದು ಮಗ್ಗುಲು ಹಸಿರಾಗಿಯೇ ಇತ್ತು. ಆ ಸುಲಿದ ಗಾಯ ಮುಂದಿನ ವರ್ಷದ ಬೆಳೆಗೂ ಪೆಟ್ಟು, ಯಾಕೆಂದರೆ ಏಪ್ರಿಲ್ ಚಾಟ್ನಿ (ಕಡ್ಡಿ ಸವರುವುದು) ಆದ ಮೇಲೆ ಹೊಸ ಚಿಗುರು ಬರಬೇಕಾದ್ದು ಅದೇ ಗಿಡದಿಂದ. ಅರ್ಜಿ ಹಿಡಿದು ಹೋದರೆ ಒಂದು ಕಚೇರಿಯಲ್ಲಿ ಹೇಳಿದ್ದು, "ಅವತ್ತು ನಿಮ್ಮ ಕಡೆ ಮಳೆ ಅಷ್ಟೊಂದು ಇಲ್ಲವಲ್ಲ?" ಆ ಮಾತಿಗೆ ಎದುರಾಗಿ ಇಡಲು ನಮ್ಮ ಹತ್ತಿರ ಇದ್ದದ್ದು ಮೊಬೈಲಿನ ನಾಲ್ಕು ಫೋಟೊ. ಅವುಗಳಲ್ಲಿ ಅಂಗೈ ಮೇಲೆ ಕರಗುತ್ತಿದ್ದ ಐಸ್. ಎಷ್ಟು ದಪ್ಪ ಅಂತ ಹೇಳಲು ಪಕ್ಕದಲ್ಲಿ ಅಳತೆಗೋಲು ಇರಲಿಲ್ಲ.

ಹಾಗಾದರೆ ಆಲಿಕಲ್ಲು ಮಳೆ ಸರ್ಕಾರದ ಕಾಗದದಲ್ಲಿ ಎಲ್ಲೂ ಬರುವುದೇ ಇಲ್ವಾ? ಬರುತ್ತದೆ. ಹಾನಿಯ ರೂಪದಲ್ಲಿ ಬರುತ್ತದೆ. ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಗಳು ಸೇರಿ ಜಂಟಿ ಸಮೀಕ್ಷೆ ಮಾಡುತ್ತವೆ. ಸರ್ವೆ ನಂಬರ್, ಬೆಳೆ, ಎಷ್ಟು ಎಕರೆ, ಶೇಕಡ ಎಷ್ಟು ನಷ್ಟ, ಇಷ್ಟನ್ನು ಬರೆಯುತ್ತವೆ. ನಷ್ಟ ಶೇ 33 ದಾಟಿದರೆ ವಿಪತ್ತು ಪರಿಹಾರ ನಿಧಿಯಿಂದ ಹಣ ಬರುತ್ತದೆ. ಇದು ಬೇಕೇ ಬೇಕು. ಆದರೆ ಹಾನಿ ಬರೆಯುವುದು ಬೇರೆ, ಹವಾಮಾನ ಬರೆಯುವುದು ಬೇರೆ. ಅದೇ ಆಲಿಕಲ್ಲು ಜೋಳ ಕಿತ್ತಾದ ಮೇಲಿನ ಖಾಲಿ ಹೊಲಕ್ಕೆ ಬಿದ್ದರೆ ಯಾವ ಕಾಲಂನಲ್ಲೂ ಬರುವುದಿಲ್ಲ. ಕಾಗದದ ಪ್ರಕಾರ ಆ ಊರಿಗೆ ಆಲಿಕಲ್ಲು ಬಿದ್ದೇ ಇಲ್ಲ. ಮುಂದಿನ ವರ್ಷ ಒಬ್ಬ ಹುಡುಗ ಅದೇ ಊರಲ್ಲಿ ಸಾಲ ಮಾಡಿ ದ್ರಾಕ್ಷಿ ನೆಡುತ್ತಾನೆ. ಈ ಭಾಗದಲ್ಲಿ ಆಲಿಕಲ್ಲು ಬೀಳುವುದು ಹೆಚ್ಚೋ ಕಡಿಮೆಯೋ ಅಂತ ಅವನಿಗೆ ಹೇಳುವವರು ಯಾರು?

ಹವಾಮಾನ ಇಲಾಖೆಯ ವೀಕ್ಷಣಾಲಯಗಳಲ್ಲಿ ಆಲಿಕಲ್ಲು ಬಿದ್ದರೆ ವೀಕ್ಷಕರು ಬರೆಯುತ್ತಾರೆ, ನಿಜ. ಆದರೆ ವೀಕ್ಷಣಾಲಯ ಇರುವುದು ಜಿಲ್ಲೆಗೆ ಒಂದೋ ಎರಡೋ ಕಡೆ. ಆಲಿಕಲ್ಲಿನ ಪಟ್ಟಿ ಸಾಮಾನ್ಯವಾಗಿ ಕೆಲವೇ ಕಿಲೋಮೀಟರ್ ಅಗಲ. ಹಳ್ಳದ ಈಚೆ ಹೊಡೆದದ್ದು ಹಳ್ಳದ ಆಚೆ ಇರುವುದಿಲ್ಲ. ಆ ಪಟ್ಟಿ ಸರಿಯಾಗಿ ವೀಕ್ಷಣಾಲಯದ ಅಂಗಳದ ಮೇಲೇ ಹಾಯಬೇಕು ಅಂದರೆ ಅದೃಷ್ಟ ಬೇಕು. ರಾಡಾರ್ ಇದ್ದರೆ ಸಾಕಲ್ವಾ ಅಂತ ಕೇಳಬಹುದು. ರಾಡಾರ್ ನೋಡುವುದು ಮೋಡದ ಒಳಗೆ. ದೂರದ ರಾಡಾರಿನ ಕಿರಣ ಭೂಮಿಯ ಬಾಗಿನಿಂದಾಗಿ ನಮ್ಮ ತಲೆ ಮೇಲೆ ಬರುವಷ್ಟರಲ್ಲಿ ಬಹಳ ಎತ್ತರದಲ್ಲಿ ಇರುತ್ತದೆ. ಮೇಲೆ ಕಂಡ ಗಡ್ಡೆ ಕೆಳಗಿನ ಬಿಸಿ ಗಾಳಿಯಲ್ಲಿ ಕರಗಿ ನೀರಾಗಿ ಬಿದ್ದಿರಲೂಬಹುದು. ರಾಡಾರ್ ಹೇಳಿದ್ದು ಸರಿಯೋ ತಪ್ಪೋ ಅಂತ ನೋಡಲಿಕ್ಕೂ ನೆಲದ ಮೇಲಿನ ಅಳತೆಯೇ ಬೇಕು.

ಗಾತ್ರದ ಮೇಲೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಇದೆ. ಎರಡು ಸೆಂಟಿಮೀಟರ್ ಅಡ್ಡಳತೆಯ ಆಲಿಕಲ್ಲಿಗಿಂತ ನಾಲ್ಕು ಸೆಂಟಿಮೀಟರಿನದ್ದು ತೂಕದಲ್ಲಿ ಎಂಟು ಪಟ್ಟು. ಬೀಳುವ ವೇಗವೂ ಜಾಸ್ತಿ ಆಗುವುದರಿಂದ ಅದರ ಪೆಟ್ಟು ಸುಮಾರು ಹದಿನಾರು ಪಟ್ಟು. ಚಿಕ್ಕದು ಎಲೆ ಹರಿಯುತ್ತದೆ, ದೊಡ್ಡದು ಶೀಟು ತೂತು ಮಾಡಿ ಕುರಿಮರಿಯನ್ನು ಕೊಲ್ಲುತ್ತದೆ. ಎರಡನ್ನೂ ಸುಮ್ನೆ "ಆಲಿಕಲ್ಲು ಸಹಿತ ಮಳೆ" ಅಂತ ಬರೆದರೆ ಏನು ತಿಳಿಯುತ್ತದೆ? ಆಲಿಕಲ್ಲು ಬಲೆ ಕಟ್ಟುವುದಾದರೂ ಎಷ್ಟು ಗಟ್ಟಿ ಬಲೆ ಬೇಕು ಅನ್ನುವುದು ಗಾತ್ರ ಗೊತ್ತಿದ್ದರೆ ತಾನೇ? ಹಿಮಾಚಲದ ಸೇಬು ಬೆಳೆಗಾರರು ಸಬ್ಸಿಡಿಯಲ್ಲಿ ಬಲೆ ಹಾಕುತ್ತಾರೆ. ನಮಗೂ ಕೊಡಿ ಅಂತ ಕೇಳಬೇಕಾದರೆ ಯಾವ ತಾಲೂಕಿಗೆ ಮೊದಲು ಅಂತ ತೋರಿಸುವ ನಕ್ಷೆ ಬೇಕು.

ನಮ್ಮ ದೇಶ ಈ ವಿಷಯದಲ್ಲಿ ಹಿಂದುಳಿದಿತ್ತು ಅಂತೇನೂ ಅಲ್ಲ. ಜಗತ್ತಿನಲ್ಲಿ ಒಂದೇ ಆಲಿಕಲ್ಲು ಮಳೆಗೆ ಅತಿ ಹೆಚ್ಚು ಜನ ಸತ್ತದ್ದು ಉತ್ತರ ಪ್ರದೇಶದ ಮೊರಾದಾಬಾದ್ ಹತ್ತಿರ, 1888ರ ಏಪ್ರಿಲ್ 30ರಂದು. 246 ಜನ. ವಿಶ್ವ ಹವಾಮಾನ ಸಂಸ್ಥೆ 2017ರಲ್ಲಿ ಇದನ್ನು ಜಾಗತಿಕ ದಾಖಲೆ ಎಂದು ಒಪ್ಪಿಕೊಂಡಿತು. ನೂರಾ ಇಪ್ಪತ್ತೊಂಬತ್ತು ವರ್ಷ ಆದ ಮೇಲೂ ಒಪ್ಪಲು ಸಾಧ್ಯವಾದದ್ದು ಅವತ್ತಿನ ವರದಿ ಉಳಿದಿದ್ದರಿಂದ. ಅತಿ ಭಾರದ ಆಲಿಕಲ್ಲಿನ ದಾಖಲೆ ಇರುವುದೂ ನಮ್ಮ ಪಕ್ಕದಲ್ಲೇ, ಬಾಂಗ್ಲಾದೇಶದ ಗೋಪಾಲಗಂಜ್‌ನಲ್ಲಿ. 1986ರ ಏಪ್ರಿಲ್ 14ರಂದು ಬಿದ್ದದ್ದು 1.02 ಕಿಲೋ ತೂಗಿತ್ತು. ಯಾರೋ ತಕ್ಕಡಿಗೆ ಹಾಕಿದರು, ಆದ್ದರಿಂದ ನಮಗೆ ಗೊತ್ತು.

ಅಮೆರಿಕದವರು ಇದನ್ನು ಹೇಗೆ ಮಾಡುತ್ತಾರೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಲ್ಲಿ ಸುಂಟರಗಾಳಿಯ ದಾಖಲೆ 1950ರಿಂದ, ಗುಡುಗು ಮಳೆಯ ಬಿರುಗಾಳಿ ಮತ್ತು ಆಲಿಕಲ್ಲಿನ ದಾಖಲೆ 1955ರಿಂದ ಸಾಲಾಗಿ ಸಿಗುತ್ತದೆ. ಬರೆಯುವವರು ಬರೀ ಇಲಾಖೆಯವರಲ್ಲ. ತರಬೇತಿ ಪಡೆದ ಸ್ವಯಂಸೇವಕರು, ಪೊಲೀಸರು, ಅಗ್ನಿಶಾಮಕದವರು, ರೈತರು ಫೋನ್ ಮಾಡಿ ಹೇಳುತ್ತಾರೆ. ಜಾಗ, ಸಮಯ, ಗಾತ್ರ. ಗಾಳಿಯ ವೇಗ ಬರೆಯುವಾಗ ಅದು ಯಂತ್ರ ಅಳೆದದ್ದೋ ಅಂದಾಜೋ ಅಂತ ಪಕ್ಕದಲ್ಲೇ ಗುರುತು ಹಾಕುತ್ತಾರೆ. ಇದು ನನಗೆ ಬಹಳ ಹಿಡಿಸಿದ ಪದ್ಧತಿ. ಅಂದಾಜು ಅಂತ ಒಪ್ಪಿಕೊಂಡು ಬರೆದ ಅಂಕಿಗೂ ಬೆಲೆ ಇದೆ. ಯುರೋಪಿನ ತೀವ್ರ ಹವಾಮಾನ ದತ್ತಾಂಶ ಸಂಗ್ರಹದಲ್ಲೂ ಪ್ರತಿ ವರದಿಗೆ ಎಷ್ಟು ನಂಬಬಹುದು ಅನ್ನುವ ದರ್ಜೆ ಕೊಡುತ್ತಾರೆ.

ಅವರ ದಾಖಲೆಯಲ್ಲಿ ತೊಡಕುಗಳೂ ಇವೆ, ಅದನ್ನೂ ನಾವು ಈಗಲೇ ತಿಳಿದಿರಬೇಕು. 2010ರ ತನಕ ಅಲ್ಲಿ ಮುಕ್ಕಾಲು ಇಂಚಿನ ಆಲಿಕಲ್ಲನ್ನೇ ತೀವ್ರ ಅನ್ನುತ್ತಿದ್ದರು, ಆಮೇಲೆ ಒಂದು ಇಂಚಿಗೆ ಏರಿಸಿದರು. ಹಿಂದಿನ ಮತ್ತು ಈಗಿನ ಎಣಿಕೆಯನ್ನು ನೇರವಾಗಿ ಹೋಲಿಸಲು ಬರುವುದಿಲ್ಲ. ಇನ್ನು ಊರು, ಹೆದ್ದಾರಿ ಇರುವ ಕಡೆ ವರದಿ ಜಾಸ್ತಿ, ಬಯಲಲ್ಲಿ ಕಡಿಮೆ. ಫೋನ್ ಹೆಚ್ಚಾದ ಹಾಗೆ ವರದಿಯೂ ಹೆಚ್ಚುತ್ತದೆ, ಆಗ ಆಲಿಕಲ್ಲೇ ಹೆಚ್ಚಾಯಿತು ಅನಿಸಿಬಿಡುತ್ತದೆ. ಅದಕ್ಕೇ ನಾವು ಶುರು ಮಾಡುವಾಗ "ಇವತ್ತು ನಮ್ಮಲ್ಲಿ ಬೀಳಲಿಲ್ಲ" ಅನ್ನುವ ವರದಿಗೂ ಜಾಗ ಇಡಬೇಕು.

ಇನ್ನು ಗಾಳಿಯ ಮಾತು. ವಿಪತ್ತು ನಿಧಿಯ ರಾಷ್ಟ್ರೀಯ ಪಟ್ಟಿಯಲ್ಲಿ ಚಂಡಮಾರುತ ಇದೆ, ಆಲಿಕಲ್ಲು ಮಳೆ ಇದೆ, ಮೇಘಸ್ಫೋಟ ಇದೆ. ಗುಡುಗು ಮಳೆಯ ಮುಂದೆ ಬರುವ ಬಿರುಗಾಳಿಗೆ ಅದರದೇ ಹೆಸರಿನ ಸಾಲು ಇಲ್ಲ. ಗುಂಡ್ಲುಪೇಟೆಯ ಬಾಳೆ ಬೆಳೆಗಾರರನ್ನು ಕೇಳಿ, ಗೊನೆ ಹೊತ್ತ ಬಾಳೆ ನೆಲಕ್ಕೆ ಒರಗಲು ಎಷ್ಟು ಹೊತ್ತಿನ ಗಾಳಿ ಬೇಕು ಅಂತ. ಒಂದು ಹೊಡೆತ ಸಾಕು. ಹದಿನೈದು ನಿಮಿಷದ ಸರಾಸರಿಯಲ್ಲಿ ಆ ಹೊಡೆತ ಕರಗಿಹೋಗುತ್ತದೆ. ಆದ್ದರಿಂದ ಹೋಬಳಿ ಕೇಂದ್ರಗಳಿಂದ ಮೂರು ಸೆಕೆಂಡಿನ ಗರಿಷ್ಠ ಹೊಡೆತವನ್ನು, ಅದು ಬಂದ ನಿಮಿಷದ ಸಮೇತ, ಜನರಿಗೆ ಸಿಗುವ ಹಾಗೆ ಪ್ರಕಟಿಸಿ.

ಯಂತ್ರ ಇಲ್ಲದ ಕಡೆಯೂ ಗಾಳಿ ತನ್ನ ಗುರುತು ಬಿಟ್ಟು ಹೋಗಿರುತ್ತದೆ. ಚಿಕಾಗೊದಲ್ಲಿದ್ದ ಜಪಾನಿ ವಿಜ್ಞಾನಿ ಟೆಡ್ ಫುಜಿಟಾ ಇದನ್ನು ಓದುವುದನ್ನು ಕಲಿಸಿದವರು. ನಾಗಸಾಕಿಯಲ್ಲಿ ಬಾಂಬ್ ಬಿದ್ದ ಜಾಗದಲ್ಲಿ ಮರಗಳು ಸುತ್ತಲೂ ಹೊರಮುಖವಾಗಿ ಬಿದ್ದಿದ್ದನ್ನು ಅವರು ಕಂಡಿದ್ದರು. ಮುಂದೆ ಅಮೆರಿಕದಲ್ಲಿ ವಿಮಾನದಿಂದ ನೋಡುವಾಗ ಬಿರುಗಾಳಿ ಹೊಡೆದ ಕಾಡಲ್ಲೂ ಅಂಥದ್ದೇ ವಿನ್ಯಾಸ ಕಂಡಿತು. ಮೋಡದಿಂದ ಗಾಳಿ ನೆಲಕ್ಕೆ ಕುಸಿದು ಸುತ್ತಲೂ ಹರಡುತ್ತದೆ ಅಂತ ಅವರು ವಾದಿಸಿದರು, 1975ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ವಿಮಾನ ಅಪಘಾತಕ್ಕೂ ಅದೇ ಕಾರಣ ಅಂದರು. ಸುಂಟರಗಾಳಿಗೆ ಅವರು 1971ರಲ್ಲಿ ಕೊಟ್ಟ ಮಾಪನ 2007ರಲ್ಲಿ ಅಮೆರಿಕದಲ್ಲಿ ಪರಿಷ್ಕಾರ ಆಯಿತು. ಈಗ 28 ಬಗೆಯ ಕಟ್ಟಡ, ಮರ ಇತ್ಯಾದಿಗಳ ಹಾನಿ ನೋಡಿ ಗಾಳಿಯ ವೇಗ ಅಂದಾಜು ಮಾಡುತ್ತಾರೆ.

ನಮ್ಮ ರಾಜ್ಯದಲ್ಲಿ ಸುಂಟರಗಾಳಿ ಅಪರೂಪ. ಒಡಿಶಾ, ಬಂಗಾಳದ ಕಡೆ ಕಂಡಷ್ಟು ಇಲ್ಲಿ ಕಾಣುವುದಿಲ್ಲ. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ದೌಲತ್‌ಪುರ, ಸಾಟುರಿಯಾದಲ್ಲಿ ಸುಮಾರು 1,300 ಜನರನ್ನು ಕೊಂದಂಥದ್ದು ನಮ್ಮಲ್ಲಿ ಆಗಿಲ್ಲ. ಆದರೆ ಪ್ರತಿ ಬೇಸಿಗೆಯಲ್ಲಿ ಪತ್ರಿಕೆಗಳಲ್ಲಿ "ಸುಂಟರಗಾಳಿಗೆ ಹಾರಿದ ಶೀಟು" ಅನ್ನುವ ಸುದ್ದಿ ಓದುತ್ತೇವೆ. ಅದು ಸುತ್ತಿದ ಗಾಳಿಯೋ ನೇರ ಗಾಳಿಯೋ ಅಂತ ನೋಡಿದವರು ಯಾರು? ನೋಡುವುದು ಕಷ್ಟ ಏನಲ್ಲ. ಬಿದ್ದ ಮರಗಳೆಲ್ಲ ಒಂದೇ ದಿಕ್ಕಿಗೆ ಅಥವಾ ಬೀಸಣಿಗೆಯಂತೆ ಹರಡಿ ಮಲಗಿದ್ದರೆ ನೇರ ಗಾಳಿ. ಕಿರಿದಾದ ದಾರಿಯಲ್ಲಿ ಒಂದರ ಮೇಲೊಂದು ಅಡ್ಡಡ್ಡ ಬಿದ್ದಿದ್ದರೆ ಸುತ್ತಿದ ಗಾಳಿ ಅಂತ ಅನುಮಾನ ಪಡಬೇಕು. ನಮ್ಮ ತಲಾಟಿಯವರ (ಗ್ರಾಮ ಲೆಕ್ಕಿಗರ) ಮೊಬೈಲಿನಲ್ಲೇ ದಿಕ್ಸೂಚಿ ಇದೆ. ಸಮೀಕ್ಷೆಗೆ ಬಂದಾಗ ಮರದ ಬುಡದಲ್ಲಿ ನಿಂತು ತುದಿ ಯಾವ ಕಡೆ ಇದೆ ಅಂತ ಒಂದು ಅಂಕಿ ಬರೆದುಕೊಂಡರೆ ಆಯಿತು. ಬಿದ್ದ ಮರ ಕಡಿದು ಸಾಗಿಸುವ ಮೊದಲೇ ಬರಬೇಕು, ಅಷ್ಟೇ.

ಇನ್ನೊಂದು ದಾಖಲೆ ಈಗಾಗಲೇ ನಿಮ್ಮ ಕೈಯಲ್ಲಿದೆ. ಬಿರುಗಾಳಿ ಬಂದ ನಿಮಿಷಕ್ಕೆ ಫೀಡರ್ (ಊರಿಗೆ ಕರೆಂಟು ತರುವ ಲೈನು) ಟ್ರಿಪ್ ಆಗುತ್ತದೆ. ಸಬ್‌ಸ್ಟೇಷನ್ನಿನ ಲಾಗ್ ಪುಸ್ತಕದಲ್ಲಿ ಆ ಸಮಯ ಇರುತ್ತದೆ. ಎಷ್ಟು ಕಂಬ ಮುರಿಯಿತು, ಎಲ್ಲಿ, ಅನ್ನುವುದು ಲೈನ್‌ಮನ್‌ಗೆ ಬಾಯಿಪಾಠ. ಒಂದರ ಪಕ್ಕ ಒಂದು ಫೀಡರಿನ ಸಮಯ ಜೋಡಿಸಿದರೆ ಬಿರುಗಾಳಿ ಯಾವ ಊರಿಂದ ಯಾವ ಊರಿಗೆ ಎಷ್ಟು ವೇಗದಲ್ಲಿ ಹೋಯಿತು ಅನ್ನುವ ನಕ್ಷೆ ತಾನಾಗಿ ಬರುತ್ತದೆ. ವಿದ್ಯುತ್ ಕಂಪನಿ ಒಂದು ಇಲಾಖೆ, ಹವಾಮಾನ ಇನ್ನೊಂದು ಇಲಾಖೆ ಅನ್ನುವುದು ಬಿಟ್ಟರೆ ಇದಕ್ಕೆ ಬೇರೆ ಅಡ್ಡಿ ಏನಿದೆ?

ಆಲಿಕಲ್ಲು ಅಳೆಯಲು ದೊಡ್ಡ ಯಂತ್ರ ಬೇಡ. ಒಂದಡಿ ಚದರದ ಥರ್ಮಾಕೋಲ್ ಹಲಗೆ, ಅದರ ಮೇಲೆ ದಪ್ಪ ಅಲ್ಯುಮಿನಿಯಂ ಹಾಳೆ. ಬಯಲಲ್ಲಿ ಮಟ್ಟಸವಾಗಿ ಕೂರಿಸಿದರೆ ಪ್ರತಿ ಆಲಿಕಲ್ಲೂ ಅದರ ಮೇಲೆ ಒಂದು ಗುಳಿ ಬಿಡುತ್ತದೆ. ಗುಳಿಯ ಅಗಲದಿಂದ ಗಾತ್ರ, ಎಣಿಕೆಯಿಂದ ಎಷ್ಟು ದಟ್ಟ ಇತ್ತು ಅನ್ನುವುದು, ಗುಳಿಯ ಓರೆಯಿಂದ ಗಾಳಿಯ ದಿಕ್ಕು. ಗೊತ್ತಿರುವ ಗಾತ್ರದ ಉಕ್ಕಿನ ಗುಂಡುಗಳನ್ನು ಬೀಳಿಸಿ ಹಲಗೆಯನ್ನು ಮೊದಲೇ ಪರೀಕ್ಷೆ ಮಾಡಿಟ್ಟುಕೊಳ್ಳುತ್ತಾರೆ. ಫ್ರಾನ್ಸ್, ಸ್ಪೇನ್, ಇಟಲಿಯ ದ್ರಾಕ್ಷಿ ನಾಡುಗಳಲ್ಲಿ ಇದು ದಶಕಗಳಿಂದ ನಡೆಯುತ್ತಿದೆ. ಅಮೆರಿಕದಲ್ಲಿ 1998ರಲ್ಲಿ ಕೊಲೊರಾಡೊದಲ್ಲಿ ಶುರುವಾದ ಜನರ ಮಳೆ ಅಳತೆ ಜಾಲದವರೂ ಇಂಥ ಹಲಗೆ ಇಟ್ಟುಕೊಂಡಿದ್ದಾರೆ. ಗುಳಿ ಓದುವ ಕೆಲಸ ಹಿಟ್ಟಿನಹಳ್ಳಿಯ ಕೃಷಿ ಕಾಲೇಜಿನ ಅಥವಾ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಮಕ್ಕಳು ಮಾಡಬಲ್ಲರು.

ಹಲಗೆ ಇಲ್ಲದವರಿಗೆ ಜೇಬಿನಲ್ಲೇ ಅಳತೆ ಇದೆ. ಹತ್ತು ರೂಪಾಯಿ ನಾಣ್ಯದ ಅಡ್ಡಳತೆ 27 ಮಿಲಿಮೀಟರ್. ಆಲಿಕಲ್ಲಿನ ಪಕ್ಕ ನಾಣ್ಯ ಇಟ್ಟು ನೇರ ಮೇಲಿಂದ ಫೋಟೊ ತೆಗೆದರೆ ಯಾರು ಬೇಕಾದರೂ ಆಮೇಲೆ ಗಾತ್ರ ಲೆಕ್ಕ ಹಾಕಬಹುದು. ಕಡಲೆ ಗಾತ್ರ, ಅಡಿಕೆ ಗಾತ್ರ, ನಿಂಬೆ ಗಾತ್ರ ಅನ್ನುವ ಮಾತು ನಿಲ್ಲಬೇಕು, ನಿಂಬೆಯಲ್ಲೇ ಎಷ್ಟು ಗಾತ್ರ ಇವೆ ಅಲ್ವಾ? ದೊಡ್ಡದು ಸಿಕ್ಕರೆ ಪ್ಲಾಸ್ಟಿಕ್ ಕವರಿಗೆ ಹಾಕಿ ಫ್ರೀಜರಿನಲ್ಲಿಡಬೇಕು. 2010ರ ಜುಲೈ 23ರಂದು ಅಮೆರಿಕದ ಸೌತ್ ಡಕೋಟದ ವಿವಿಯನ್ ಎಂಬ ಊರಲ್ಲಿ ಎಂಟು ಇಂಚು ಅಡ್ಡಳತೆಯ ಆಲಿಕಲ್ಲು ಸಿಕ್ಕಿತು. ಫ್ರೀಜರಿನಲ್ಲಿ ಇಟ್ಟರೂ ಬಿರುಗಾಳಿಗೆ ಕರೆಂಟು ಹೋಗಿ, ಅಳೆಯುವಷ್ಟರಲ್ಲಿ ಸ್ವಲ್ಪ ಕರಗಿತ್ತು. ಆದರೂ ಅದೇ ದಾಖಲೆ. ನಮ್ಮೂರಲ್ಲಿ ಮೋಡ ಕಟ್ಟಿದ ಕೂಡಲೇ ಕರೆಂಟು ಹೋಗುತ್ತದೆ, ಹಾಗಾಗಿ ಮೊದಲು ಫೋಟೊ, ಆಮೇಲೆ ಫ್ರೀಜರ್.

ವರದಿ ಕಳಿಸಲು ಹೊಸ ಆ್ಯಪ್ ಮಾಡಿ ಅಂತ ನಾನು ಕೇಳುವುದಿಲ್ಲ. ಬೆಳೆ ಸಮೀಕ್ಷೆ ಆ್ಯಪ್ ನಮಗೆ ರೂಢಿ ಆಗಿದೆ. ಹೊಲದಲ್ಲಿ ನಿಂತು ಜಿಪಿಎಸ್ ಸಮೇತ ಫೋಟೊ ತೆಗೆದು ಕಳಿಸುವುದು ಹಳ್ಳಿಯ ಹುಡುಗರಿಗೆ ನೀರು ಕುಡಿದಷ್ಟು ಸಲೀಸು. ಅದರಲ್ಲೇ ಆಲಿಕಲ್ಲು, ಗಾಳಿ ಅಂತ ಎರಡು ಗುಂಡಿ ಸೇರಿಸಿ. ಶುರುವಾದ ಹೊತ್ತು, ನಿಂತ ಹೊತ್ತು, ನಾಣ್ಯದ ಜೊತೆಗಿನ ಫೋಟೊ, ಅಳೆದದ್ದೋ ಅಂದಾಜೋ. ಬೆಳೆ ಇರಲಿ ಇಲ್ಲದಿರಲಿ ವರದಿ ಸ್ವೀಕರಿಸಿ. ಫಸಲ್ ಬಿಮಾದಲ್ಲಿ ಆಲಿಕಲ್ಲಿನ ನಷ್ಟವನ್ನು 72 ಗಂಟೆಯೊಳಗೆ ತಿಳಿಸಬೇಕು ಅಂತ ನಿಯಮ ಇದೆ. ಆ 72 ಗಂಟೆಯಲ್ಲಿ ಊರಿಗೆ ಊರೇ ಕಳಿಸಿದ ವರದಿ ಒಂದೇ ಕಡೆ ಇದ್ದರೆ, ಒಬ್ಬ ರೈತ ಒಂಟಿಯಾಗಿ ನಿಂತು ವಾದ ಮಾಡಬೇಕಿಲ್ಲ. ಸುಳ್ಳು ಹೇಳುವವರೂ ಇರುತ್ತಾರೆ, ಗೊತ್ತು. ಅಕ್ಕಪಕ್ಕದ ಹತ್ತು ಹೊಲದವರು ಬೀಳಲಿಲ್ಲ ಅಂದಾಗ ಒಬ್ಬನ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ. ಹವಾಮಾನ ಆಧಾರಿತ ವಿಮೆಯಲ್ಲಿರುವ ನಮ್ಮಂಥ ದ್ರಾಕ್ಷಿ ಬೆಳೆಗಾರರಿಗೆ ಇದು ಇನ್ನೂ ಮುಖ್ಯ, ಯಾಕೆಂದರೆ ಅಲ್ಲಿ ಯಂತ್ರದ ಅಂಕಿಯೇ ತೀರ್ಪು.

ಕೂಡಿದ ಅಂಕಿಗಳನ್ನು ಬೀರುವಿನಲ್ಲಿ ಇಡಬೇಡಿ. ಮಳೆಯ ಅಂಕಿಯಂತೆ ಪಂಚಾಯಿತಿವಾರು, ಕನ್ನಡದಲ್ಲಿ, ಎಲ್ಲರಿಗೂ ಕಾಣುವಂತೆ ಹಾಕಿ. ಹಿಂದಿನದ್ದನ್ನೂ ಕಟ್ಟಬಹುದು. 2014ರ ಫೆಬ್ರುವರಿ, ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಜೊತೆ ನಮ್ಮ ಉತ್ತರ ಜಿಲ್ಲೆಗಳಿಗೂ ಬಿದ್ದ ಆಲಿಕಲ್ಲು ಹಳೆಯ ಪತ್ರಿಕೆಗಳಲ್ಲಿ, ತಹಶೀಲ್ದಾರ್ ಕಚೇರಿಯ ಕಡತಗಳಲ್ಲಿ, ನಮ್ಮ ಹಿರಿಯರ ನೆನಪಿನಲ್ಲಿ ಚದುರಿಕೊಂಡಿದೆ. ಕಡತಕ್ಕೆ ಗೆದ್ದಲು ಹಿಡಿಯುವ ಮೊದಲು ಯಾರಾದರೂ ಕೂತು ಬರೆಯಬೇಕು.

ಇಡೀ ರಾಜ್ಯಕ್ಕೆ ಒಮ್ಮೆಲೇ ಆಗದಿದ್ದರೆ ತಿಕೋಟಾ, ಬಬಲೇಶ್ವರ ತಾಲೂಕುಗಳಿಂದ ಶುರು ಮಾಡಿ. ಜೊತೆಗೆ ಮಾವಿನ ಶ್ರೀನಿವಾಸಪುರವನ್ನೂ ಸೇರಿಸಿಕೊಳ್ಳಿ, ಅಲ್ಲಿ ಏಪ್ರಿಲ್, ಮೇನಲ್ಲಿ ಇದೇ ಗೋಳು. ಹಲಗೆ ಕೂರಿಸಲು ಕಂಬ ನಮ್ಮ ತೋಟಗಳಲ್ಲೇ ಇವೆ. ಜಾಗ ಕೊಡುತ್ತೇವೆ, ಆಲಿಕಲ್ಲು ಬಿದ್ದ ಸಂಜೆಯೇ ಹಲಗೆ ಬಿಚ್ಚಿ ದಿನಾಂಕ ಬರೆದು ತಂದು ಒಪ್ಪಿಸುತ್ತೇವೆ. ಅಕ್ಟೋಬರ್ ಚಾಟ್ನಿ ಮುಗಿಯುವಷ್ಟರಲ್ಲಿ ನಿಮ್ಮಿಂದ ಒಂದು ಆದೇಶ ಬಂದರೆ, ಫೆಬ್ರುವರಿಯ ಮೊದಲ ಗುಡುಗಿಗೆ ಮುಂಚೆ ಹಲಗೆಗಳು ಕಂಬದ ಮೇಲೆ ಇರುತ್ತವೆ.

ಇಂತಿ ತಮ್ಮ ವಿಶ್ವಾಸಿ,
ವಿಜಯಪುರ ಜಿಲ್ಲೆಯ ಒಬ್ಬ ದ್ರಾಕ್ಷಿ ಬೆಳೆಗಾರ